ಎರಡನೇ ವಾರ ಹೌಸ್‌ಫುಲ್

ಹರಿಣಾಕ್ಷಿಯವರ ಗಂಡ ಯಶ್ವಂತರು ಸಿನಿಮಾದಲ್ಲಿ ನಟಿಸಿದ್ದು ಒಂದೇ ಸಲ. ಆ ಸಿನಿಮಾ ತೆರೆಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ವರ್ಷದ ಮೇಲಾಗಿತ್ತು.

ಯಶ್ವಂತರು ಮುಂಬಯಿ ಪಕ್ಕದ ಠಾಣೆ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ನಿವೃತ್ತಿಯಾಗುವವರೆಗೂ ಕ್ಯಾಶ್ ಗಲ್ಲಾದ ಮೇಲೆ ಕೂತವರು. ಡೊಂಬಿವಲಿಯ ಕನ್ನಡ ಸಂಘದ ನಾಟಕಗಳಲ್ಲಿ ಅವರಿಗೊಂದು ಪಾತ್ರ ಖಾಯಂ. ಬಾಗಿಲು ತೆಗೆಯುವ ಆಳು, ಇಲ್ಲವೇ ಯಜಮಾನರು ಮನೆಯಲ್ಲಿಲ್ಲ ಎಂದು ಹೇಳಿ ಒಳಗೆ ಹೋಗುವ ಮುದುಕ. ಅದಕ್ಕಿಂತ ದೊಡ್ಡದನ್ನು ಯಾರೂ ಕೊಡಲಿಲ್ಲ, ಅವರೂ ಕೇಳಲಿಲ್ಲ. ಅವರ ಮಾತು ತೀರಾ ನಿಧಾನ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನವರು ಕೆಮ್ಮಲು ಶುರು ಮಾಡುತ್ತಿದ್ದರು.

ಆ ನಿಧಾನವೇ ಬೇಕೆಂದು ಒಬ್ಬ ಬಂದ. ಬೆಂಗಳೂರಿನ ಅಭಿಜಿತ್ ಎಂಬ ಹುಡುಗ, ಮೊದಲ ಸಿನಿಮಾ ಮಾಡುತ್ತಿದ್ದ. ಹೆಸರು ‘ಎಂಟನೇ ಪ್ಲಾಟ್‌ಫಾರ್ಮ್’. ಕೊಲೆ ಮಾಡಿ ಓಡಿಬಂದ ಯುವಕನೊಬ್ಬ ಠಾಣೆ ಹತ್ತಿರದ ದಿವಾದ ಬಾಡಿಗೆ ಖೋಲಿಯೊಂದರಲ್ಲಿ ಅಡಗಿದ್ದು, ಅಲ್ಲಿಂದಲೂ ಮಾಯವಾಗುತ್ತಾನೆ. ಅವನನ್ನು ಹುಡುಕಿಕೊಂಡು ಕರ್ನಾಟಕದ ಇನ್ಸ್‌ಪೆಕ್ಟರ್ ಬರುತ್ತಾನೆ. ಆ ಯುವಕನ ಪಕ್ಕದ ಖೋಲಿಯ ಮುದುಕನ ಪಾತ್ರಕ್ಕೆ ಕನ್ನಡ ಬಲ್ಲವರೊಬ್ಬರು ಬೇಕಾಗಿತ್ತು. ಸ್ಟಾರುಗಳಿಲ್ಲ, ಸೆಟ್ಟಿಲ್ಲ. ಇಡೀ ತಂಡ ಕಲ್ಯಾಣದ ಒಂದು ಲಾಡ್ಜಿನಲ್ಲಿ ನೆಲದ ಮೇಲೆ ಮಲಗುತ್ತಿತ್ತು. ಸಂಘದವರು ಯಶ್ವಂತರ ಹೆಸರು ಹೇಳಿದರು.

ಮಾತುಗಳನ್ನು ಅವರು ಮನೆಯಲ್ಲಿ ಪ್ರಾಕ್ಟೀಸ್ ಮಾಡಿದರು. ಹರಿಣಾಕ್ಷಿ ಅಡುಗೆಕಟ್ಟೆಯ ಹತ್ತಿರ ಕೊತ್ತಂಬರಿ ಬಿಡಿಸುತ್ತ ಇನ್ಸ್‌ಪೆಕ್ಟರ್ ಆಗುತ್ತಿದ್ದರು.

“ಅವನು ಹೋದದ್ದು ನಿಮಗೆ ಗೊತ್ತಾಗಲಿಲ್ವಾ?”

“ಗೊತ್ತಾಗದೆ ಏನು ಸಾರ್? ದಿನಾ ಸಂಜೆ ಬಂದು ಇಲ್ಲೇ ಚಹಾ ಕುಡೀತಿದ್ದ. ಈಗ್ಲೂ ಬಾಗಿಲು ಬಡಿದ್ರೆ ಅವನೇ ಅಂತ ತೆರೀತೇನೆ. ನೋಡಿದ್ರೆ ಬೇರೆ ಯಾರೋ.”

ಹೇಳಿ ಮುಗಿಸಿ ಯಶ್ವಂತರು ತುಳುವಿಗೆ ತಿರುಗುತ್ತಿದ್ದರು. “ಎಂಚ ಆಂಡ್?” ಹೇಗಾಯ್ತು ಎಂದು.

“ಒಳ್ಳೆದಾಯ್ತು. ಸ್ವಲ್ಪ ಬೇಗ ಹೇಳಿ” ಎನ್ನುತ್ತಿದ್ದರು ಹರಿಣಾಕ್ಷಿ.

ಶೂಟಿಂಗಿನ ದಿನ ಅವರೂ ಜೊತೆಗೆ ದಿವಾಕ್ಕೆ ಹೋಗಿ, ಕಟ್ಟಡದ ಮೆಟ್ಟಿಲ ಮೇಲೆ ಪರ್ಸ್ ಹಿಡಿದು ಕೂತಿದ್ದರು. ಒಳಗೆ ಏನಾಗುತ್ತಿದೆ ಎಂದು ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಅಭಿಜಿತ್ ಹೊರಗೆ ಬಂದು, “ಆಂಟಿ, ಅಂಕಲ್ ಅಳಿಸಿಬಿಟ್ರು ನಮ್ಮನ್ನ” ಎಂದ. ಅವನ ಕಣ್ಣು ನಿಜಕ್ಕೂ ಕೆಂಪಾಗಿತ್ತು. ಅಂದು ಮನೆಗೆ ಬರುವಾಗ ಲೋಕಲ್ ರೈಲಿನಲ್ಲಿ ಯಶ್ವಂತರಿಗೆ ಕೂರಲು ಸೀಟು ಸಿಕ್ಕಿದರೂ ಅವರು ಬಾಗಿಲ ಬಳಿ ನಿಂತೇ ಬಂದರು.

ಆಮೇಲೆ ಸಿನಿಮಾ ನಿಂತುಹೋಯಿತು. ಕೊಳ್ಳುವವರಿಲ್ಲ, ಬಿಡುಗಡೆ ಮಾಡುವವರಿಲ್ಲ ಎಂದು ಅಭಿಜಿತ್ ಆಗಾಗ ಫೋನ್ ಮಾಡುತ್ತಿದ್ದ. ಯಶ್ವಂತರು ಸಂಘದಲ್ಲಿ ಯಾರಾದರೂ ಕೇಳಿದರೆ “ಬರ್ತದೆ, ಬರ್ತದೆ” ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಹಾಲು ತರಲು ಇಳಿದವರು ಬಿಲ್ಡಿಂಗಿನ ಗೇಟಿನ ಬಳಿ ಕುಸಿದರು. ಆಸ್ಪತ್ರೆಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಗಳು ರಮಿತಾ ಬೇಲಾಪುರದಲ್ಲಿ ಗಂಡನ ಜೊತೆ ಇದ್ದಾಳೆ. ಅಲ್ಲೇ ಸರಕಾರಿ ಆಫೀಸಿನಲ್ಲಿ ಕೆಲಸ. ತನ್ನ ಮನೆಗೆ ಬಂದಿರು ಎಂದು ಕರೆದಳು. ಹರಿಣಾಕ್ಷಿ ಹೋಗಿ ಕೆಲವು ವಾರ ಇದ್ದು, ಹಗಲೆಲ್ಲ ಆ ಮನೆಯಲ್ಲೂ ಒಬ್ಬರೇ ಇರಬೇಕಾಗುತ್ತದೆಂದು ಕಂಡು, ತಮ್ಮ ಮನೆಗೆ ಮರಳಿದರು. ಡೊಂಬಿವಲಿಯಲ್ಲಾದರೆ ಕೆಳಗೆ ತರಕಾರಿಯವನಾದರೂ ಹೆಸರು ಹಿಡಿದು ಕೂಗುತ್ತಾನೆ.

ಹೀಗಿರುವಾಗ ಅಭಿಜಿತನ ಫೋನ್ ಬಂತು. “ಆಂಟಿ, ಈ ಶುಕ್ರವಾರ ರಿಲೀಸ್. ನಿಮ್ಮ ಕಡೆ ಒಂದೇ ಸ್ಕ್ರೀನ್ ಸಿಕ್ಕಿದೆ, ಘೋಡಬಂದರ್ ರಸ್ತೆ ಮಾಲ್‌ನಲ್ಲಿ. ಮಧ್ಯಾಹ್ನದ ಶೋ. ಜನ ಬಂದ್ರೆ ಉಳಿಸ್ತಾರೆ, ಇಲ್ಲಾಂದ್ರೆ ಎತ್ತಿಬಿಡ್ತಾರೆ.”

ರಮಿತಾಳಿಗೆ ರಜೆ ಇರಲಿಲ್ಲ. “ಮಮ್ಮಿ, ಆಫೀಸ್ ಮೇ ಆಡಿಟ್ ಚಲ್ ರಹಾ ಹೈ. ನೆಕ್ಸ್ಟ್ ವೀಕ್ ಪಕ್ಕಾ” ಎಂದಳು. ಶುಕ್ರವಾರ ಹರಿಣಾಕ್ಷಿ ಒಬ್ಬರೇ ಠಾಣೆಗೆ ಲೋಕಲ್ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಮಾಲಿಗೆ ಹೋದರು. ಟಿಕೆಟ್ ಕೌಂಟರಿನ ಹುಡುಗಿ ಕಂಪ್ಯೂಟರ್ ನೋಡಿ, “ಕಾಕೂ, ಕನ್ನಡ ಪಿಕ್ಚರ್ ಆಹೇ ಹಾ” ಎಂದು ಎಚ್ಚರಿಸಿದಳು. ಒಂದು ಟಿಕೆಟ್ಟೂ ಹೋಗಿರಲಿಲ್ಲವಂತೆ. ಯಾರೂ ಬರದಿದ್ದರೆ ಶೋ ರದ್ದು, ನೀವು ತೆಗೆದುಕೊಂಡರೆ ನಡೆಸುತ್ತೇವೆ ಎಂದಳು.

ಅಷ್ಟು ದೊಡ್ಡ ಹಾಲ್‌ನಲ್ಲಿ ಹರಿಣಾಕ್ಷಿ ಒಬ್ಬರೇ. ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೂ ಟಿಕೆಟ್ಟಿನಲ್ಲಿದ್ದ ನಂಬರನ್ನು ಮೊಬೈಲಿನ ಬೆಳಕಿನಲ್ಲಿ ಹುಡುಕಿ ಅಲ್ಲೇ ಕೂತರು. ಕತ್ತಲಾಯಿತು. ಕೊಲೆ, ಓಟ, ಪೊಲೀಸರು, ಯಾವುದರ ಮೇಲೂ ಅವರಿಗೆ ಗಮನವಿರಲಿಲ್ಲ. ಇಂಟರ್ವಲ್ಲಿನ ನಂತರ ಇನ್ಸ್‌ಪೆಕ್ಟರ್ ದಿವಾದ ಆ ಮೆಟ್ಟಿಲು ಹತ್ತಿದ. ತಾವು ಕೂತಿದ್ದ ಮೆಟ್ಟಿಲು. ಬಾಗಿಲು ಬಡಿದ. ಚಿಲಕ ಸರಿಯಿತು, ಬಾಗಿಲು ಅರ್ಧ ತೆರೆಯಿತು, ಪೂರ್ತಿ ತೆರೆಯಿತು. ತೆರೆಯ ತುಂಬ ಯಶ್ವಂತರು ನಿಂತಿದ್ದರು. ಕಿವಿಯ ಮೇಲಿನ ಕೂದಲು ಎಂದಿನಂತೆ ಕೆದರಿತ್ತು.

ಇನ್ಸ್‌ಪೆಕ್ಟರ್ ಬಾಯಿ ತೆರೆಯುವ ಮೊದಲೇ ಹರಿಣಾಕ್ಷಿ ಕೇಳಿದರು. “ಅವನು ಹೋದದ್ದು ನಿಮಗೆ ಗೊತ್ತಾಗಲಿಲ್ವಾ?”

ಯಶ್ವಂತರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎಂದಿನ ನಿಧಾನದಲ್ಲಿ, ಒಂದೊಂದೇ ಮಾತು ಇಟ್ಟು ಉತ್ತರ ಕೊಟ್ಟರು. ಹಾಲ್‌ನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಆ ಉತ್ತರ ಹರಿಣಾಕ್ಷಿಗೇ ಆಗಿತ್ತು.

ಶನಿವಾರವೂ ಹೋದರು. ಭಾನುವಾರವೂ. ಕೆಲಸದ ದಿನಗಳಲ್ಲಂತೂ ಅವರ ಟಿಕೆಟ್ಟೇ ಶೋ ಉಳಿಸಬೇಕಾಗಿತ್ತು. ಕೌಂಟರಿನ ಹುಡುಗಿ ದೂರದಿಂದಲೇ “ಕಾಕೂ, ಆಜ್ ಪಣ್?” ಇವತ್ತೂ ಬಂದಿರಾ ಎಂದು ನಗುತ್ತಿದ್ದಳು. ಒಂದು ದಿನ ಹಿಂದಿನ ಮೂಲೆಯಲ್ಲಿ ಕಾಲೇಜಿನ ಜೋಡಿಯೊಂದು ಕೂತಿತ್ತು, ಅವರಿಗೆ ಸಿನಿಮಾದ ಪರಿವೆಯೇ ಇರಲಿಲ್ಲ. ಆ ದಿನ ಹರಿಣಾಕ್ಷಿ ಇನ್ಸ್‌ಪೆಕ್ಟರನ ಮಾತನ್ನು ತುಟಿಯೊಳಗೇ ಹೇಳಿದರು. ಫೋನಿನಲ್ಲಿ ಆ ದೃಶ್ಯ ಹಿಡಿದುಕೊಳ್ಳಬಹುದಿತ್ತು. ಆದರೆ ಸಿನಿಮಾ ರೆಕಾರ್ಡ್ ಮಾಡುವುದು ಅಪರಾಧ ಎಂದು ತೆರೆಯ ಮೇಲೆ ಮೊದಲೇ ಬರುತ್ತಿತ್ತು. ಅಭಿಜಿತನದನ್ನು ಕದ್ದಂತಾಗುತ್ತದೆಂದು ಅವರು ಫೋನನ್ನು ಪರ್ಸಿನಿಂದ ತೆಗೆಯಲಿಲ್ಲ.

ಗುರುವಾರ ಅಭಿಜಿತ್ ಫೋನ್ ಮಾಡಿದಾಗ ಅವನ ದನಿಯೇ ಬದಲಾಗಿತ್ತು. “ಆಂಟಿ, ಕರ್ನಾಟಕದಲ್ಲಿ ಪಿಕಪ್ ಆಗಿದೆ! ಜನರೇ ಜನರಿಗೆ ಹೇಳ್ತಿದ್ದಾರೆ. ಸೆಕೆಂಡ್ ಹಾಫ್ ಸ್ವಲ್ಪ ಎಳೆದಂಗಾಯ್ತು ಅಂತ ಎಲ್ಲರೂ ಬರೆದಿದ್ರು. ಅದಕ್ಕೆ ಟ್ರಿಮ್ ಮಾಡಿದೀವಿ. ನಾಳೆಯಿಂದ ಹೊಸ ಪ್ರಿಂಟು, ಸ್ಕ್ರೀನ್ ಜಾಸ್ತಿ.” ಇನ್ನೇನನ್ನೋ ಹೇಳಲು ಹೊರಟವನು, ಸ್ಕ್ರೀನ್ ಜಾಸ್ತಿ ಎಂದೇ ಮತ್ತೊಮ್ಮೆ ಹೇಳಿದ.

“ದೇವರು ಒಳ್ಳೆದು ಮಾಡಲಿ ಮಾರಾಯ” ಎಂದರು ಹರಿಣಾಕ್ಷಿ. ಟ್ರಿಮ್ ಎಂದರೇನೆಂದು ಅವರು ಕೇಳಲಿಲ್ಲ.

ಎಲ್ಲರೊಂದಿಗೆ ನೋಡೋಣವೆಂದು ಹರಿಣಾಕ್ಷಿ ಶುಕ್ರವಾರ, ಶನಿವಾರ ಹೋಗಲಿಲ್ಲ. ಎರಡನೇ ಭಾನುವಾರ ಬಿಲ್ಡಿಂಗಿನವರು, ಸಂಘದವರು, ಬೇಲಾಪುರದಿಂದ ರಮಿತಾ ಮತ್ತು ಅಳಿಯ ಎಲ್ಲ ಒಟ್ಟಾಗಿ ಹೊರಟರು. ಮಾಲಿನಲ್ಲಿ ಹೌಸ್‌ಫುಲ್ ಎಂದು ಬರೆದಿತ್ತು. ನವಿ ಮುಂಬಯಿಯಿಂದ, ಠಾಣೆಯಿಂದ, ಎಲ್ಲೆಲ್ಲಿಂದಲೋ ಕನ್ನಡದವರು ಬಂದಿದ್ದರು. ಹರಿಣಾಕ್ಷಿ ದಿನವೂ ಕೂರುತ್ತಿದ್ದ ಸೀಟಿನಲ್ಲಿ ಯಾರೋ ಕೂತಿದ್ದರು. ಕಲಬುರಗಿ ಕಡೆಯ ಗುರಮ್ಮ, ಅವರ ಕೆಳಗಿನ ಮಹಡಿಯವರು, ಪಕ್ಕದಲ್ಲಿ ಕೂತಿದ್ದರು. ಇಂಟರ್ವಲ್ಲಿನಲ್ಲಿ ಕೇಳಿದರು.

“ಅಕ್ಕಾರ, ನಿಮ್ಮ ಮನಿಯವ್ರು ಇನ್ನೂ ಬರವಲ್ರಲ್ರಿ?”

“ಇನ್ನು ಬರ್ತಾರೆ. ಇಂಟರ್ವಲ್ ಆದ್ಮೇಲೆ.”

ಇನ್ಸ್‌ಪೆಕ್ಟರ್ ಮೆಟ್ಟಿಲು ಹತ್ತಿದ. ಹರಿಣಾಕ್ಷಿ ರಮಿತಾಳ ಮೊಣಕೈ ಹಿಡಿದರು. ಬಾಗಿಲು ಬಡಿದ. ಚಿಲಕ ಸರಿಯಿತು, ಬಾಗಿಲು ಸ್ವಲ್ಪವೇ ತೆರೆಯಿತು. ಅಷ್ಟರಲ್ಲಿ ಧಡ್ಡೆಂದು ರೈಲಿನ ಸದ್ದು. ತೆರೆಯ ಮೇಲೆ ದಿವಾ ಸ್ಟೇಷನ್, ಓಡುತ್ತಿರುವ ಜನ, ಬೆನ್ನಟ್ಟುತ್ತಿರುವ ಇನ್ಸ್‌ಪೆಕ್ಟರ್. ಇಡೀ ಹಾಲ್ ಸೀಟಿನ ತುದಿಗೆ ಬಂತು. ಯಾರೋ ಶಿಳ್ಳೆ ಹಾಕಿದರು.

ಮುಂದೆಲ್ಲಾದರೂ ಇಟ್ಟಿರಬಹುದು ಎಂದು ಹರಿಣಾಕ್ಷಿ ಕೊನೆಯವರೆಗೂ ಕಾದರು. ಜನ ಚಪ್ಪಾಳೆ ತಟ್ಟಿ ಎದ್ದಾಗ, ಅವರ ತಲೆಗಳ ನಡುವೆ ಹೆಸರುಗಳ ಸಾಲಿನಲ್ಲಿ ಯಶ್ವಂತ ಎಂಬ ಹೆಸರು ಮೇಲಕ್ಕೆ ಹೋಯಿತು.

“ಮಮ್ಮಿ, ಪಪ್ಪಾ ಕಹಾಂ ಥೇ?” ಎಂದಳು ರಮಿತಾ.

“ಇದ್ದರು ಮಗಾ. ಕಳೆದ ವಾರ ಇದ್ದರು.”

ಸಿನಿಮಾ ಭಾರೀ ಚೆನ್ನಾಗಿದೆ ಎಂದು ಒಬ್ಬಿಬ್ಬರು ಹೇಳಿದರು. ಎಸ್ಕಲೇಟರಿನಲ್ಲಿ ಇಳಿಯುವಾಗ ಹಿಂದಿನಿಂದ ಗುರಮ್ಮನ ದನಿ ಕೇಳಿಸಿತು. ಬೇರೊಬ್ಬರ ಹತ್ತಿರ ಮೆಲ್ಲಗೆ ಹೇಳುತ್ತಿದ್ದರು: “ಪಾಪ, ಒಬ್ಬಾಕೀನೇ ಇರ್ತಾರ್ರಿ. ನೆನಸಿ ನೆನಸಿ ಹಂಗ ಕಂಡಿರಬೇಕು.” ಹರಿಣಾಕ್ಷಿ ತಿರುಗಿ ನೋಡಲಿಲ್ಲ. ರಮಿತಾ ತಾಯಿಯ ಕೈ ಹಿಡಿದೇ ನಡೆದಳು, ಆದರೆ ಮತ್ತೆ ಅವಳು ಏನೂ ಕೇಳಲಿಲ್ಲ. ಆ ಕೇಳದೇ ಇರುವುದು ಗುರಮ್ಮನ ಮಾತಿಗಿಂತ ಹೆಚ್ಚು ನೋಯಿಸಿತು.

ಮರುದಿನ ಅವರೇ ಅಭಿಜಿತನಿಗೆ ಫೋನ್ ಮಾಡಿದರು. ಅವನು ಎತ್ತಲಿಲ್ಲ. ಯಾವುದೋ ಊರಿನ ಥಿಯೇಟರಿಗೆ ಭೇಟಿ ಕೊಡುತ್ತಿದ್ದನಂತೆ. ಸಂಜೆ ತಾನೇ ಕರೆದ.

“ಆಂಟಿ, ಹೇಳ್ಬೇಕು ಅಂತಲೇ ಇದ್ದೆ ಅವತ್ತು. ಬಾಯಿ ಬರ್ಲಿಲ್ಲ. ಅದು ನನ್ನ ಇಷ್ಟದ ಸೀನು. ಆದ್ರೆ ಪ್ರತಿ ಥಿಯೇಟರಲ್ಲೂ ಕರೆಕ್ಟಾಗಿ ಅಲ್ಲೇ ಜನ ಫೋನ್ ತೆಗೀತಿದ್ರು.”

“ಅವರು ಹೇಳುವುದು ನಿಧಾನ” ಎಂದರು ಹರಿಣಾಕ್ಷಿ. “ನಾನೂ ಹೇಳ್ತಿದ್ದೆ, ಸ್ವಲ್ಪ ಬೇಗ ಹೇಳಿ ಅಂತ.”

ಆಮೇಲೆ ಕೇಳಿದರು.

“ಅಭಿಜಿತ್, ಅದನ್ನು ನನಗೊಮ್ಮೆ ಕಳಿಸಬಹುದಾ? ಮಗಳು ನೋಡಲಿಲ್ಲ.”

ನೋಡುತ್ತೇನೆ ಎಂದ. ನಿಜಕ್ಕೂ ನೋಡಿದ. ಕೆಲವು ದಿನ ಬಿಟ್ಟು ಮತ್ತೆ ಕರೆದು ಹೇಳಿದ. ಶೂಟಿಂಗಿನ ಹಾರ್ಡ್ ಡಿಸ್ಕುಗಳು ಬಾಡಿಗೆಯವು, ಅಳಿಸಿ ವಾಪಸ್ ಕೊಟ್ಟಾಗಿತ್ತು. ಮೊದಲ ವಾರದ ಪ್ರಿಂಟನ್ನು ಥಿಯೇಟರಿನವರು ತೆಗೆದುಹಾಕಿದ್ದರು. ಎಡಿಟರನ ಕಂಪ್ಯೂಟರಿನಲ್ಲಿ ಹೊಸದು ಮಾತ್ರ ಉಳಿದಿತ್ತು. “ಸಾರಿ ಆಂಟಿ” ಎನ್ನುತ್ತ ಅವನು ಅತ್ತ. ಸಿನಿಮಾ ಹೇಗಿತ್ತು ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ಹರಿಣಾಕ್ಷಿ ತಾವಾಗಿಯೇ ಹೇಳಿದರು. “ಭಾನುವಾರ ಇಲ್ಲಿ ಒಬ್ಬರೂ ಫೋನ್ ತೆಗೆಯಲಿಲ್ಲ ಮಾರಾಯ. ನೀನು ಮಾಡಿದ್ದು ಸರಿಯೇ ಉಂಟು.”

ಸಿನಿಮಾ ಐದನೇ ವಾರಕ್ಕೆ ಕಾಲಿಟ್ಟಿತು. ಹಾಕಿದ ಹಣದ ಎಷ್ಟೋ ಪಟ್ಟು ಬಂತೆಂದು, ಸಣ್ಣ ಸಿನಿಮಾಗಳಿಗೆ ಇದು ಮಾದರಿಯೆಂದು ಪೇಪರಿನವರು ಬರೆದರು. ಸಂಘದವರು ಅಭಿಜಿತನನ್ನು ಕರೆಸಿ ಸನ್ಮಾನ ಮಾಡುವ ಮಾತಾಡಿಕೊಂಡರು.

ಒಂದು ಸೋಮವಾರ ಹರಿಣಾಕ್ಷಿ ಯಾರಿಗೂ ಹೇಳದೆ ಮತ್ತೆ ಮಾಲಿಗೆ ಹೋದರು. ಹಾಲ್ ಅರ್ಧ ತುಂಬಿತ್ತು. ಪಕ್ಕದಲ್ಲಿ ಒಂದು ಕುಟುಂಬ ಪಾಪ್‌ಕಾರ್ನ್ ಹಂಚಿಕೊಂಡು ತಿನ್ನುತ್ತಿತ್ತು. ಇನ್ಸ್‌ಪೆಕ್ಟರ್ ಬಾಗಿಲು ಬಡಿದಾಗ ಹರಿಣಾಕ್ಷಿ ಮುಂದಕ್ಕೆ ಬಾಗಿದರು. ಭಾನುವಾರವೇ ಅವರಿಗೆ ಅನುಮಾನವಿತ್ತು, ಈಗ ಖಾತ್ರಿಯಾಯಿತು. ಬಾಗಿಲು ಸಂದಿಯಷ್ಟು ತೆರೆದ ಆ ಗಳಿಗೆಯಲ್ಲಿ, ರೈಲು ನುಗ್ಗುವ ಮೊದಲು, ಬಾಗಿಲ ಅಂಚಿನ ಮೇಲೆ ನಾಲ್ಕು ಬೆರಳುಗಳು ಕಾಣುತ್ತಿದ್ದವು. ಕತ್ತರಿಸುವವರು ಅಷ್ಟನ್ನು ಬಿಟ್ಟಿದ್ದರು. ಹೋಟೆಲಿನ ನೋಟು ಎಣಿಸಿ ಎಣಿಸಿ ತುದಿ ಚಪ್ಪಟೆಯಾದ ಬೆರಳುಗಳು. ಬೇರೆ ಯಾರಿಗೂ ಅವು ಯಾರವೆಂದು ಗೊತ್ತಾಗುವಂತಿರಲಿಲ್ಲ, ನೋಡಲು ವ್ಯವಧಾನವೂ ಇರಲಿಲ್ಲ.

ಆ ವಾರ ಉಳಿದ ದಿನಗಳೂ ಅವರು ಹೋದರು. ಬೆರಳು ಕಂಡ ಮೇಲೆ ಎದ್ದು, ಕೂತವರ ಮೊಣಕಾಲು ದಾಟಿ ಹೊರಗೆ ಬಂದುಬಿಡುತ್ತಿದ್ದರು. ಕೊಲೆಗಾರ ಸಿಕ್ಕಿದನೇ ಎಂದು ತಿಳಿಯುವ ಮೊದಲೇ ಎದ್ದು ಹೋಗುವ ಈ ಹೆಂಗಸನ್ನು ಕಂಡು ಬಾಗಿಲು ಕಾಯುವವನಿಗೆ ಆಶ್ಚರ್ಯ. ಶುಕ್ರವಾರ ಆ ಸ್ಕ್ರೀನಿಗೆ ಹೊಸ ಹಿಂದಿ ಸಿನಿಮಾ ಬಂತು.