ನಾಲ್ಕು ಚಿಮಣಿ ಎಲೆಗಳು

ಫರಂಗಿಪೇಟೆಯ ಜುವೈರಿಯಾಳನ್ನು ನೋಡಿದವರು ಯಾರೂ ಆಕೆಯನ್ನು ಆಟಗಾರ್ತಿ ಎನ್ನಲಾರರು. ಹೆದ್ದಾರಿಯಿಂದ ನದಿಯ ಕಡೆಗೆ ಇಳಿಯುವ ಓಣಿಯಲ್ಲಿ ಮೂರನೆಯ ಮನೆ, ಅತ್ತೆ ನಬೀಸಾ, ಬೆಳಗ್ಗೆ ಅಕ್ಕಿರೊಟ್ಟಿ, ಮಧ್ಯಾಹ್ನ ಮೀನುಸಾರು. ಇಷ್ಟೇ ಇವಳ ಲೋಕ ಎಂದು ಓಣಿಯವರು ತೀರ್ಮಾನಿಸಿ ಆಗಿತ್ತು. ತೀರ್ಮಾನಿಸುವುದರಲ್ಲಿ ಆ ಓಣಿಯವರು ಯಾವತ್ತೂ ಗಟ್ಟಿಗರು. ಆದರೆ ಎರಡು ವರ್ಷಗಳಲ್ಲಿ ಜುವೈರಿಯಾ ನಾನೂರ ಹನ್ನೆರಡು ಆಟ ಆಡಿದ್ದಳು, ಒಂದನ್ನೂ ಬಿಡದೆ ಪುಸ್ತಕದಲ್ಲಿ ಬರೆದಿಟ್ಟಿದ್ದಳು.

ಆಟವನ್ನು ತಂದದ್ದು ಗಂಡ ಮುಝಮ್ಮಿಲ್. ಅವನಿಗೆ ಶಾರ್ಜಾದ ಒಂದು ಆಟಿಕೆ ಅಂಗಡಿಯಲ್ಲಿ ಕೆಲಸ, ಎರಡು ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಎರಡು ಸಾವಿರದ ಒಂದರಲ್ಲಿ ಮದುವೆಗೆಂದು ಬಂದವನು ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಎರಡು ಕಟ್ಟು ಎಲೆಗಳನ್ನು ತಂದಿದ್ದ. ಇಸ್ಪೀಟಲ್ಲ. ಒಂದೊಂದು ಎಲೆಯಲ್ಲೂ ಒಂದೊಂದು ಚಿತ್ರ, ಕೆಳಗೆ ಇಂಗ್ಲಿಷಿನಲ್ಲಿ ಅದರ ಮಂತ್ರ, ಮೂಲೆಯಲ್ಲಿ ಅದರ ಬೆಲೆ. ಮೊದಲ ಸರದಿಗೆ ಒಂದು ಶಕ್ತಿ, ಎರಡನೆಯದಕ್ಕೆ ಎರಡು, ಹೀಗೆ ಏರುತ್ತಾ ಹೋಗುವ ಶಕ್ತಿಯನ್ನು ಖರ್ಚು ಮಾಡಿ ಎಲೆ ಇಳಿಸಬೇಕು. ಏಳು ಶಕ್ತಿ ಬೇಡುವ ಹೆಡೆಹಾವು ಇಳಿಯಿತೆಂದರೆ ಎದುರಾಳಿಯ ಕಥೆ ಮುಗಿದ ಹಾಗೆ. ಮೂಡುಬಿದಿರೆಯಲ್ಲಿ ಪಿಯುಸಿ ಓದಿದ್ದ ಜುವೈರಿಯಾ ಎರಡೇ ದಿನದಲ್ಲಿ ಕಲಿತಳು. ಮೂರನೆಯ ದಿನ ಗಂಡನನ್ನೇ ಸೋಲಿಸಿದಳು.

ರಜೆ ಮುಗಿಯುವ ಹೊತ್ತಿಗೆ ಜಗಳ ಹುಟ್ಟಿತು. ಮುಝಮ್ಮಿಲ್‌ನ ಕಟ್ಟಿನಲ್ಲಿ ಒಂದೇ ಥರದ ನಾಲ್ಕು ಸಾದಾ ಎಲೆಗಳಿದ್ದವು. ಚಿಮಣಿ ದೀಪದ ಚಿತ್ರ, ಬೆಲೆ ಒಂದೇ ಶಕ್ತಿ. ಅದನ್ನು ಇಳಿಸಿದರೆ ಕಟ್ಟಿನ ಮೇಲಿಂದ ಒಂದು ಎಲೆ ಎತ್ತಿಕೊಳ್ಳಬಹುದು. ಅಷ್ಟೇ.

"ಇದನ್ನು ತೆಗೆದುಬಿಡುವ," ಎಂದ ಮುಝಮ್ಮಿಲ್. "ಒಂದೆಲೆ ಬಿಟ್ಟು ಒಂದೆಲೆ ತಗೊಂಡ್ರೆ ಸಿಕ್ಕಿದ್ದೆಂತ? ಫರಂಗಿಪೇಟೆಯಲ್ಲಿ ಬಸ್ಸು ಹತ್ತಿ ಫರಂಗಿಪೇಟೆಯಲ್ಲೇ ಇಳಿದ ಹಾಗೆ. ಅದಕ್ಕೆ ಟಿಕೆಟು ಬೇರೆ."

"ಇಲ್ಲ, ಅದರಲ್ಲಿ ಏನೋ ಉಂಟು."

"ಎಂತ ಉಂಟು, ಹೇಳು ನೋಡುವ."

ಅವಳು ನಾಲ್ಕು ಚಿಮಣಿಗಳನ್ನು ತನ್ನ ಕಟ್ಟಿಗೆ ಸೇರಿಸಿಕೊಂಡು, ಬದಲಿಗೆ ನಾಲ್ಕು ಎಲೆ ಅವನಿಗೆ ಕೊಟ್ಟಳು. "ಮುಂದಿನ ಸಲ ಬನ್ನಿ, ತೋರಿಸ್ತೇನೆ," ಎಂದಳು. ಸೋತವರು ಚಾ ಮಾಡಬೇಕೆಂದು ಪಂಥವಾಯಿತು. ಎರಡೂ ಕಟ್ಟುಗಳನ್ನು ಅವಳ ಬಳಿಯೇ ಬಿಟ್ಟು ಅವನು ವಿಮಾನ ಹತ್ತಿದ.

ಆ ಮನೆಯಲ್ಲಿ ಎಲೆ ಇಟ್ಟುಕೊಳ್ಳುವುದು ಸುಲಭವಿರಲಿಲ್ಲ. ನಬೀಸಾಳ ತಮ್ಮನೊಬ್ಬ ಅಂದರ್ ಬಾಹರ್ ಆಡಿ ಅಂಗಡಿಯನ್ನೇ ಕಳೆದುಕೊಂಡಿದ್ದ. "ಎಲೆ ಮುಟ್ಟಿದ ಕೈಗೆ ಬರಕತ್ ಇಲ್ಲ, ಏಳಿಗೆ ಇಲ್ಲ ಮೋಳೆ," ಎಂದು ಆಕೆ ಸೊಸೆಯನ್ನು ಮಗಳೆಂದೇ ಕರೆದು ವಾರಕ್ಕೆರಡು ಸಲ ಹೇಳುತ್ತಿದ್ದಳು. ಇದು ಜೂಜಲ್ಲ ಎಂದು ವಿವರಿಸುವ ಧೈರ್ಯ ಮಗನಿಗೇ ಇರಲಿಲ್ಲ, ಇನ್ನು ಸೊಸೆಗೆಲ್ಲಿಂದ ಬರಬೇಕು? ಎಲೆಗಳು ನಿಡೋ ಹಾಲಿನ ಪುಡಿಯ ಖಾಲಿ ಡಬ್ಬ ಸೇರಿದವು, ಡಬ್ಬ ಬಟ್ಟೆಯ ಪೆಟ್ಟಿಗೆ ಸೇರಿತು.

ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಚಾವಡಿಯ ಫೋನು ಬಡಿಯುತ್ತಿತ್ತು. ಮೊದಲು ಅತ್ತೆ, ಆಮೇಲೆ ಬಂದು ಕೂತಿದ್ದ ನಾದಿನಿಯರು, ಅವರ ಮಕ್ಕಳು. ಕೊನೆಯ ಎರಡು ನಿಮಿಷ ರಿಸೀವರ್ ಇವಳ ಕೈಗೆ ಬರುವಾಗ ಎಲ್ಲರೂ ಸುತ್ತ ಕೂತು ಇವಳ ಬಾಯನ್ನೇ ನೋಡುತ್ತಿದ್ದರು.

"ಮತ್ತೆ ಎಂತ ವಿಶೇಷ?" ಎಂದು ಅವನು ಕೇಳುತ್ತಿದ್ದ.

"ಎಂತದೂ ಇಲ್ಲ. ಬಂದ ಮೇಲೆ ಹೇಳ್ತೇನೆ," ಎನ್ನುತ್ತಿದ್ದಳು.

ಹೇಳಬೇಕಾದದ್ದು ರಾಶಿ ಇತ್ತು. ಮಧ್ಯಾಹ್ನ ನಮಾಜು ಮುಗಿಸಿ ಅತ್ತೆ ಮಲಗಿದ ಮೇಲೆ ಅವಳು ಕೋಣೆಯಲ್ಲಿ ಚಾಪೆ ಹಾಸಿ ಎರಡೂ ಕಡೆಯ ಕೈ ತಾನೇ ಆಡುತ್ತಿದ್ದಳು. ಮೊದಲ ಐವತ್ತು ಆಟಗಳಲ್ಲಿ ಚಿಮಣಿ ಕಟ್ಟು ಸೋತದ್ದೇ ಹೆಚ್ಚು. ತಪ್ಪು ಅವಳದೇ: ದೊಡ್ಡ ಎಲೆ ಇಳಿಸಬೇಕಾದ ಹೊತ್ತಿನಲ್ಲಿ ಚಿಮಣಿ ಹಚ್ಚಿ ಕೂರುತ್ತಿದ್ದಳು. ಮಾಡಲು ಬೇರೇನೂ ಇಲ್ಲದ ಮೊದಲ ಸರದಿಯಲ್ಲಿ, ಇಲ್ಲವೇ ಎಲ್ಲ ಖರ್ಚಾಗಿ ಒಂದು ಶಕ್ತಿ ಸುಮ್ಮನೆ ಉಳಿದಾಗ ಅದನ್ನು ಇಳಿಸಬೇಕು ಎಂಬುದು ನಿಧಾನಕ್ಕೆ ತಿಳಿಯಿತು. ಹೇಗಿದ್ದರೂ ವ್ಯರ್ಥವಾಗುವ ಶಕ್ತಿ ಅದು. ಇನ್ನೊಂದು ಗುಟ್ಟೂ ಹೊಳೆಯಿತು. ಚಿಮಣಿ ತಾನು ಹೋಗಿ ತನ್ನ ಜಾಗಕ್ಕೆ ಬೇರೆ ಎಲೆ ಕರೆಯುವುದರಿಂದ ಅರವತ್ತು ಎಲೆಯ ಕಟ್ಟು ಐವತ್ತಾರರ ಕಟ್ಟಿನ ಹಾಗೆ ಓಡುತ್ತದೆ, ಹಾವು ಬೇಗ ಕೈಗೆ ಬರುತ್ತದೆ. ಅದನ್ನು ಪುಸ್ತಕದಲ್ಲಿ ಬರೆದ ದಿನ ಯಾರಿಗಾದರೂ ಹೇಳಬೇಕೆಂದು ಜೀವ ಒದ್ದಾಡಿತು. ಅಂದು ಮಂಗಳವಾರ, ಫೋನು ಬರುವುದು ಶುಕ್ರವಾರ.

ಒಂದು ತೊಡಕು ಮಾತ್ರ ಬಗೆಹರಿಯಲಿಲ್ಲ. ಚಿಮಣಿ ಎತ್ತಿ ತಂದ ಎಲೆ ಯಾವುದೆಂದು ಎದುರಾಳಿಗೆ ಗೊತ್ತಾಗಬಾರದು. ಅವಳಿಗೋ ಎರಡೂ ಕೈ ಗೊತ್ತು. ಅದಕ್ಕೆ ಪ್ರತಿ ಸರದಿಗೂ ಎದ್ದು ಚಾಪೆಯ ಆಚೆಬದಿಗೆ ಹೋಗಿ ಕೂರುತ್ತಿದ್ದಳು. ಅಲ್ಲಿ ಕೂತಾಗ ಮುಝಮ್ಮಿಲ್ ಆಗುತ್ತಿದ್ದಳು. ಎಲೆಯ ಅಂಚಿನಿಂದ ಹಣೆ ತುರಿಸಿಕೊಳ್ಳುತ್ತಿದ್ದಳು, ಅವನ ಹಾಗೆ ಅವಸರಪಡುತ್ತಿದ್ದಳು, "ಎಂತ ಉಂಟು, ಹೇಳು ನೋಡುವ," ಎನ್ನುತ್ತಿದ್ದಳು. ಈಚೆಬದಿಗೆ ಬಂದು ಉತ್ತರ ಕೊಡುತ್ತಿದ್ದಳು. ಹುಚ್ಚೆಂದರೆ ಹುಚ್ಚು. ಆದರೆ ಇಡೀ ದಿನದಲ್ಲಿ ಅವಳು ಗಂಡನೊಂದಿಗೆ ಮಾತಾಡಿದ್ದೆಂದರೆ ಅಷ್ಟೇ, ಮತ್ತು ಆ ಒಂದು ಗಂಟೆಗಾಗಿಯೇ ಉಳಿದ ಗಂಟೆಗಳನ್ನು ದೂಡುತ್ತಿದ್ದಳು.

ಎರಡು ಸಾವಿರದ ಮೂರರ ಮೇ ತಿಂಗಳಲ್ಲಿ ಅವನು ಬಂದ. ಮೊದಲ ವಾರ ನೆಂಟರು ಬಂದರು, ಎರಡನೆಯ ವಾರ ಇವರು ನೆಂಟರಲ್ಲಿಗೆ ಹೋದರು, ಮೂರನೆಯ ವಾರ ಹೆಂಚು ರಿಪೇರಿ. ಇಪ್ಪತ್ತಾರನೆಯ ದಿನ ಮನೆಯವರೆಲ್ಲ ತೋಡಾರಿಗೆ ಮದುವೆಗೆ ಹೊರಟಾಗ ಜುವೈರಿಯಾ ತಲೆನೋವೆಂದಳು. ಮುಝಮ್ಮಿಲ್ ಜೊತೆಗೆ ಉಳಿದ.

ಅವಳು ಚಾಪೆ ಹಾಸಿ ಡಬ್ಬ ತೆರೆದಳು.

"ಅಲ್ಲ, ಇದನ್ನಿನ್ನೂ ಇಟ್ಟಿದ್ದೀಯಾ?" ಅವನಿಗೆ ನಗು. "ನನಗೆ ಒಂದೂ ನೆನಪಿಲ್ಲ ಮಾರಾಯ್ತಿ. ಅಲ್ಲಿ ಆಡ್ಲಿಕ್ಕೆ ಯಾರಿದ್ದಾರೆ? ರೂಮಿನಲ್ಲಿ ಎಂಟು ಜನ, ಒಬ್ಬ ಏಳುವಾಗ ಇನ್ನೊಬ್ಬ ಮಲಗ್ತಾನೆ."

ಅವಳು ಮೊದಲಿನಿಂದ ಹೇಳಿಕೊಟ್ಟಳು. ಒಳ್ಳೆಯ ಮನುಷ್ಯ, ಶ್ರದ್ಧೆಯಿಂದ ಕೇಳಿದ. ಅವಳ ಮೊದಲ ಕೈಯಲ್ಲೇ ಚಿಮಣಿ ಬಂದಿತ್ತು. ಮೊದಲ ಸರದಿ, ಒಂದು ಶಕ್ತಿ. ಬಾಯಿಪಾಠ ಮಾಡಿದ್ದ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು. ಚಿಮಣಿಯನ್ನು ಚಾಪೆಯ ನಡುವೆ ಇಟ್ಟಳು.

ಅವನು ಅದನ್ನೆತ್ತಿ ತುಟಿಯಾಡಿಸುತ್ತ ಓದಿದ. "ಒಂದು ಶಕ್ತಿಗೆ ಒಂದೆಲೆ! ಇದು ಒಳ್ಳೆದುಂಟಲ್ಲ. ನನ್ನದರಲ್ಲಿ ಇಲ್ವಾ ಇದು?"

"ನೀವೇ ಬೇಡ ಹೇಳಿದ್ದು."

"ನಾನಾ? ಯಾವಾಗ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಪಂಥ ಮರೆತಿದ್ದ, ಬಸ್ಸಿನ ಮಾತು ಮರೆತಿದ್ದ. ಎರಡು ವರ್ಷ ಅವಳು ಯಾರ ಜೊತೆ ವಾದ ಮಾಡಿದ್ದಳೋ ಆ ಮನುಷ್ಯ ಶಾರ್ಜಾದಲ್ಲೂ ಇರಲಿಲ್ಲ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಾಯಿತು. ತೋರಿಸಲೆಂದು ಮಡಿಲಲ್ಲಿ ಇಟ್ಟುಕೊಂಡಿದ್ದ ಆಟಗಳ ಪುಸ್ತಕವನ್ನು ಮೇಲೆ ತೆಗೆಯಲೇ ಇಲ್ಲ. ಅವಳು ಗೆದ್ದಳು, ಹಾವು ಏಳನೆಯ ಸರದಿಗೇ ಇಳಿಯಿತು. ಅವನು ಮೈ ಮುರಿದು, "ಸ್ವಲ್ಪ ಚಾ ಮಾಡ್ತೀಯಾ?" ಎಂದ. ಎದ್ದು ಹೋಗಿ ಮಾಡಿದಳು.

ಅವನು ಹೋದ ಮೇಲೆ ಒಂದು ಮಧ್ಯಾಹ್ನ ಮತ್ತೆ ಚಾಪೆ ಹಾಸಿದಳು. ಚಿಮಣಿ ಇಳಿಸಿ, ಎದ್ದು ಆಚೆಬದಿಗೆ ಹೋಗಿ ಕೂತಳು. ಎಲೆಯಿಂದ ಹಣೆ ತುರಿಸಿಕೊಂಡಳು. ಅಲ್ಲಿ ಕೂತದ್ದು ಅವಳೇ, ಮುಝಮ್ಮಿಲ್ ಅಲ್ಲ. ಎಲೆಗಳನ್ನು ಬಾಚಿ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು.

ಶುಕ್ರವಾರ ಫೋನು ಬಂತು. ಎಲ್ಲರ ಸರದಿ ಮುಗಿದು ರಿಸೀವರ್ ಅವಳ ಕೈಗೆ ಬಂತು.

"ಮತ್ತೆ ಎಂತ ವಿಶೇಷ?"

"ಎಂತದೂ ಇಲ್ಲ," ಎಂದಳು ಜುವೈರಿಯಾ. ಬಂದ ಮೇಲೆ ಹೇಳ್ತೇನೆ ಎನ್ನಲಿಲ್ಲ.