ಸವಳು ಮಣ್ಣಿಗೆ ಖಣದ ಬಾವುಟ

ಎಂಬತ್ತರ ದಶಕದ ಮೊದಲ ವರ್ಷಗಳು. ಬಾದಾಮಿ ಕಡೆಯ ಎರೆ ಹೊಲಗಳಿಗೆ ಕಾಲುವೆ ನೀರು ಬಂದಿತ್ತು. ಆ ಖುಷಿಯಲ್ಲಿ ರೈತರು ಬೇಕಾಬಿಟ್ಟಿ ನೀರು ಹಾಯಿಸಿ, ಅಲ್ಲಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಗತೊಡಗಿತ್ತು. ಮಣ್ಣು ಪರೀಕ್ಷಿಸಿ, ಸವಳಾದ ಜಾಗಗಳನ್ನು ಅಳೆದು ನಕಾಶೆ ಬರೆದು, ಅಲ್ಲಿ ನೀರು ಕಡಿಮೆ ಬಿಡಿ ಎಂದು ಹೇಳುವುದು ನನ್ನ ನೌಕರಿ.

ಸವಳು ಕಂಡಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಬೇಕು. ಕಚೇರಿಯ ಬಟ್ಟೆ ಮುಗಿದಿತ್ತು. ನಾನಿದ್ದದ್ದು ಗುಳೇದಗುಡ್ಡದಲ್ಲಿ, ಪಕ್ಕದ ಮನೆಯ ನೇಕಾರರು ರವಿಕೆ ಹೊಲಿಯುವ ಖಣದ ತುಂಡುಗಳನ್ನು ಕೊಟ್ಟರು. ಕೆಂಪು ಬಟ್ಟೆ, ಹಸಿರು ಅಂಚು. ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ನನ್ನ ಜಾಣತನಕ್ಕೆ ನಾನೇ ತಲೆದೂಗಿ, ಒಂದು ದೊಡ್ಡ ಹೊಲದ ತುಂಬ ಕೋಲು ನೆಟ್ಟು ಬಂದೆ.

ಮರುದಿನ ಹೋದರೆ ಕೋಲುಗಳಿಗೆಲ್ಲ ಅರಿಶಿನ, ಕುಂಕುಮ. ಬುಡದಲ್ಲಿ ಒಡೆದ ತೆಂಗಿನಕಾಯಿ. ಹೊಲದ ಗೌಡರ ತಾಯಿ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. ನೀರು ಬೇಡವೆಂದು ಗುರುತು ಹಾಕಿದ ಜಾಗಕ್ಕೇ!

"ಯವ್ವಾ, ಏನ್ ಮಾಡಾಕತ್ತೀರಿ?"

"ಖಣ ತೊಟ್ಕೊಂಡು ನಮ್ಮ ಹೊಲ್ದಾಗ ದ್ಯಾಮವ್ವ ಎದ್ದಾಳಪ್ಪಾ. ಮೊದ್ಲ ಚಪ್ಪಲ್ ಬಿಡು."

"ಅದು ದೇವಿ ಅಲ್ರೀ, ನನ್ನ ಕೋಲು."

"ನಿನ್ ಕೋಲಿಗೆ ಕುಬಸ ಯಾಕ ಬೇಕಪ್ಪಾ?"

ಚಪ್ಪಲಿ ಬಿಟ್ಟೆ.

ನಾನು ಕೋಲು ನೆಡುವುದನ್ನು ಕಣ್ಣಾರೆ ಕಂಡಿದ್ದ ಗೌಡರು ಬದುವಿನ ಮೇಲೆ ನಿಂತು, ಬಾಯಿಗೆ ಹೆಗಲ ಮೇಲಿನ ವಲ್ಲಿ ಹಿಡಿದು ನಗುತ್ತಿದ್ದರು. "ಸಾಹೇಬ್ರ, ಕೋಲು ಕಿತ್ರ ನಮ್ಮವ್ವ ನಿಮ್ಮನ್ನ ಇಲ್ಲೇ ಹುಗೀತಾಳ್ರಿ" ಎಂದರು.

ನಾನು ಮುದುಕಿಗೆ ಕೈಮುಗಿದೆ. "ಯವ್ವಾ, ಈ ದೇವಿಗೆ ನೀರು ಆಗಿಬರೂದಿಲ್ರಿ. ನೆಗಡಿ ಆಕ್ಕೈತಿ."

"ಖರೇ?"

"ಖರೇನ್ರಿ."

ಅವರು ಕೊಡ ಕೆಳಗಿಟ್ಟು, ಸೆರಗಿನಿಂದ ಕೋಲಿನ ತಲೆ ಒರೆಸಿದರು. ಆಮೇಲೆ ಮಗನತ್ತ ತಿರುಗಿ, "ಏ, ನಗ್ತೀ ಯಾಕ? ಕಾಲುವಿ ನೀರು ಬಂದ್ ಮಾಡು ಹೋಗು!" ಎಂದು ಗದರಿದರು. ಗೌಡರು ನಗು ನುಂಗಿ ಓಡಿದರು.

ಒಂದು ವಾರದಲ್ಲಿ ಸುತ್ತಲಿನ ಹೊಲಗಳ ಹೆಂಗಸರೂ ಕೋಲು ನೆಟ್ಟು ಖಣ ತೊಡಿಸಿದರು. ನನ್ನವು ಯಾವುವು, ಅವರವು ಯಾವುವು, ನನಗೇ ತಿಳಿಯದು. ಅಷ್ಟರಲ್ಲಿ ಬಾಗಲಕೋಟೆಯಿಂದ ನಮ್ಮ ಸಾಹೇಬರು ತಪಾಸಣೆಗೆ ಬಂದರು.

"ಏನ್ರೀ ಇದು, ಇಡೀ ಊರು ಸವಳಾಗೇತೇನು?"

ನಾನು ಮೆಲ್ಲಗೆ ಎಲ್ಲ ಹೇಳಿದೆ. ಅವರು ಬಯ್ಯಲು ಬಾಯಿ ತೆರೆದರು. ಎದುರಿಗೆ ಮುದುಕಿ ಸೊಂಟಕ್ಕೆ ಕೈಯಿಟ್ಟು ಅವರ ಬೂಟುಗಳನ್ನೇ ನೋಡುತ್ತಿದ್ದರು. ಸಾಹೇಬರು ಬಾಯಿ ಮುಚ್ಚಿ ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿ, ಸಾಲಾಗಿ ಎಲ್ಲ ಕೋಲುಗಳಿಗೂ ಕೈಮುಗಿದು, ಪ್ರಸಾದದ ಕೊಬ್ಬರಿ ಅಗಿಯುತ್ತ ಜೀಪು ಹತ್ತಿದರು.

"ಹೊಲ ಎಲ್ಲಾ ಮತ್ತೊಮ್ಮೆ ಪೂರಾ ಅಳೀರಿ" ಎಂದಷ್ಟೇ ಹೇಳಿದರು.

ಅಳೆದೆ, ಬರಿಗಾಲಲ್ಲೇ.