ಒಳಗೆ ರೇಷ್ಮೆ ಇದ್ದ ಜರ್ಕಿನ್ನು

ನಮ್ಮ ಮನೆಯ ಬಾಗಿಲ ಹಿಂದಿನ ಗೂಟದಲ್ಲಿ ಒಂದು ಕರಿ ಜರ್ಕಿನ್ನು ನೇತಾಡುತ್ತಿದೆ. ಅದನ್ನು ಕಂಡಾಗಲೆಲ್ಲ ನನಗೆ ಅಂಗಾಲಿನ ಉರಿ ನೆತ್ತಿಗೇರುತ್ತದೆ. ಎಸೆಯಬಾರದೇ ಎಂದು ನೀವು ಕೇಳಬಹುದು. ಎಸೆದರೆ ಅದರ ಜೊತೆ ಕೋಪವೂ ಹೋಗಿಬಿಟ್ಟೀತು ಸ್ವಾಮಿ, ಈ ಕೋಪವನ್ನು ನಾನು ಅಷ್ಟು ಸುಲಭಕ್ಕೆ ಬಿಡುವವನಲ್ಲ.

ನನ್ನ ಹೆಂಡತಿ ಮಂಜುಳ ಲೊಕ್ಕನಹಳ್ಳಿ ಕಡೆಯ ಕಾಡಂಚಿನ ಊರುಗಳಲ್ಲಿ ನರ್ಸು. ಮಧುವನಹಳ್ಳಿಯ ನಮ್ಮ ಮನೆಯಿಂದ ಕೋಳಿ ಕೂಗುವ ಹೊತ್ತಿಗೆ ಸ್ಕೂಟರ್ ಹತ್ತಿದಳೆಂದರೆ, ಹಸುಗೂಸುಗಳಿಗೆ ಚುಚ್ಚುಮದ್ದು ಹಾಕಿ, ಬಸುರಿಯರ ಬೀಪಿ ನೋಡಿ ಮನೆ ಸೇರುವಾಗ ಸಂಜೆ. ಅವಳಿಗೆ ಉಬ್ಬಸ. ಪುಷ್ಯ ಮಾಸದ ಇಬ್ಬನಿ ಗಾಳಿ ಎದೆಗೆ ಬಡಿದರೆ ಸಾಕು, ಉಸಿರು ಸಿಳ್ಳೆ ಹಾಕುತ್ತದೆ. ಎದೆಗೆ ಗಾಳಿ ತಾಕದ ಹಾಗೆ ನೋಡಿಕೊಳ್ಳಿ, ಇಲ್ಲವೇ ಈ ಓಡಾಟದ ಕೆಲಸ ಬಿಡಿ ಎಂದರು ಕೊಳ್ಳೇಗಾಲದ ಡಾಕ್ಟರು. ಆ ಕೆಲಸವೆಂದರೆ ಅವಳಿಗೆ ಪ್ರಾಣ. ಹಾಗಾಗಿ ತೊಗಲಿನ ಜರ್ಕಿನ್ನು ಬೇಕಾಯಿತು. ಹೊಸದು ನಮ್ಮಂಥವರ ಕೈಗೆ ಎಟುಕುವ ವಸ್ತುವಲ್ಲ. ಯಳಂದೂರಿನಲ್ಲೊಬ್ಬ ತೊಟ್ಟು ಹಳೆಯದಾದದ್ದನ್ನು ಮಾರುತ್ತಾನೆ ಎಂದು ಯಾರೋ ಹೇಳಿದರು.

ನೋಡಲು ಹೊರಟವರು ನಾನು, ನನ್ನ ದೊಡ್ಡಪ್ಪ. ತಲೆತಲಾಂತರದಿಂದ ರೇಷ್ಮೆ ಹುಳು ಸಾಕಿದ ಮನೆತನ ನಮ್ಮದು. ಹುಳು ಸೊಪ್ಪು ಮೇಯುವ ಸದ್ದಿನಲ್ಲೇ ಅದರ ಆರೋಗ್ಯ ತಿಳಿಯುವ, ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗಿನದು ನೆಟ್ಟಗಿದೆಯೋ ಕರಗಿದೆಯೋ ಹೇಳುವ ಪ್ರವೀಣರು! ತೊಗಲನ್ನು ಪರೀಕ್ಷಿಸುವುದಕ್ಕೂ ಒಂದು ಕ್ರಮವಿದೆಯೆಂದು ನನಗೆ ಈಗ ಗೊತ್ತು: ಕಾಲರು ಮಡಿಸಿ ಬಿರುಕು ಹುಡುಕಬೇಕು, ಒಂದು ಹನಿ ನೀರು ಬಿಟ್ಟು ಹೀರುತ್ತದೆಯೇ ಕಾಯಬೇಕು, ಒಳಗಿನ ಲೈನಿಂಗನ್ನು ಅಂಚಿನಲ್ಲಿ ಸ್ವಲ್ಪ ಬಿಚ್ಚಿಸಿ ತೊಗಲಿನ ಬೆನ್ನು ನಾರುನಾರಾಗಿದೆಯೇ ನೋಡಬೇಕು. ಅಂದು ಇದ್ಯಾವುದನ್ನೂ ಮಾಡಲಿಲ್ಲ. ಲಿಂಗಪೂಜೆಯ ಕೈಯಲ್ಲಿ ಸತ್ತ ದನದ ಚರ್ಮ ತಡವಲು ದೊಡ್ಡಪ್ಪನಿಗೆ ಅಷ್ಟಕ್ಕಷ್ಟೆ. ಹಾಗಾಗಿ ಹೊರಗನ್ನು ಕಣ್ಣಲ್ಲೇ ಸವರಿ, ಬೆರಳ ತುದಿಯಲ್ಲಿ ಒಳಗನ್ನು ಬಿಡಿಸಿದರು. ನೋಡಿದರೆ, ಹರಿದ ಲೈನಿಂಗನ್ನು ತೆಗೆಸಿ ಅಲ್ಲಿಗೆ ಯಾವುದೋ ಹಳೆಯ ಸೀರೆಯ ತುಂಡು ಹೊಲಿಸಿದ್ದಾರೆ. ದೊಡ್ಡಪ್ಪನ ಮುಖ ಅರಳಿತು. ಮಾರುವವನನ್ನು ಕೇಳಿಯೇ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಗಿಗೆ ಹಿಡಿದರು. ಕೂದಲು ಸುಟ್ಟ ವಾಸನೆ. ಅಪ್ಪಟ ರೇಷ್ಮೆ.

"ಒಳಕ್ಕೇ ರೇಷ್ಮೆ ಆಕಿರೋನು ಒರಗೆ ಮೋಸ ಮಾಡಾನೇನ್ಲಾ? ತಕಂಡು ನಡಿ" ಎಂದರು ದೊಡ್ಡಪ್ಪ. ಮಾರುವವನು ಹಲ್ಲು ಬಿಡುತ್ತ ನಿಂತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಇಬ್ಬನಿ ಕುಡಿದ ಆ ಜರ್ಕಿನ್ನಿನ ಬಣ್ಣ ಬಯಲಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಕಾಲರು ಹಕ್ಕಳೆ ಹಕ್ಕಳೆಯಾಗಿ ಎದ್ದು ಮಂಜುಳನ ಬಿಳಿ ಕೋಟಿನ ಮೇಲೆ ಉದುರತೊಡಗಿತು. ಲೊಕ್ಕನಹಳ್ಳಿಯ ಅಜ್ಜಿಯೊಬ್ಬಳು, ಇದ್ದಿಲು ಹೊತ್ತು ಬಂದೆಯೇನವ್ವಾ ಎಂದು ಮರುಕಪಟ್ಟಳಂತೆ. ಎದೆಯ ಮೇಲೆಲ್ಲ ಬಿರುಕು, ಬಿರುಕಿನಲ್ಲೆಲ್ಲ ಗಾಳಿ, ಸಿಳ್ಳೆ ಮತ್ತೆ ಶುರು. ಒಂದು ಸಂಜೆ ಅವಳು ಸ್ಟೂಲಿನ ಮೇಲೆ ಕೂತು, ನನ್ನ ಮುಖ ನೋಡದೆ, ಕೆಲಸ ಬಿಟ್ಟುಬಿಡಲಾ ಎಂದಳು. ನಾನು ಎದ್ದು ಆ ಜರ್ಕಿನ್ನನ್ನು ಕೈಗೆತ್ತಿಕೊಂಡೆ. ಕತ್ತರಿ ತಂದು ಲೈನಿಂಗು ಬಿಚ್ಚಿದೆ. ತೊಗಲಿನ ಬೆನ್ನಿರಬೇಕಾದಲ್ಲಿ ಬನಿಯನ್ನಿನಂಥ ಬಟ್ಟೆ! ಮೇಲೆ ಬಳಿದಿದ್ದು ಬರೀ ಪ್ಲಾಸ್ಟಿಕ್ಕು. ಯಾವುದನ್ನು ನೋಡಿ ನಂಬಿದೆವೋ ಅದೇ ನಮ್ಮ ಕಣ್ಣಿಗೆ ಪರದೆ ಕಟ್ಟಿತ್ತು.

ಮರುದಿನವೇ ಯಳಂದೂರಿಗೆ ಹೋಗಿ ಆ ಮನುಷ್ಯನ ಜಗುಲಿಯ ಮೇಲೆ ಜರ್ಕಿನ್ನು ಬಿಸಾಕಿದೆ. ಅವನು ಅದನ್ನು ಮಡಿಸಿ ನನ್ನ ಕೈಗೇ ಕೊಟ್ಟ.

"ನೀವು ಲೈನಿಂಗ್ ನೋಡಿದ್ರಿ, ಸುಟ್ಟೂ ನೋಡಿದ್ರಿ. ಅದು ಸುಳ್ಳಾ ಸಾ? ತೊಗಲಾ ಅಂತ ನೀವು ಕೇಳ್ನೇ ಇಲ್ವಲ್ಲ."

ಕೇಳಲಿಲ್ಲ, ನಿಜ. ಆದರೆ ಕೇಳಿದ್ದಕ್ಕೆ ಮಾತ್ರ ಬಾಯಿ ಬಿಡುವುದೇ ಸತ್ಯವಾದರೆ, ಗೆಳೆಯರೇ, ಮೂಕರೆಲ್ಲ ಹರಿಶ್ಚಂದ್ರರಾಗಬೇಕಿತ್ತು. ಶಾಗ್ಯದಿಂದ ನಾವೊಂದು ಹಸು ತಂದಾಗ, ಹಗ್ಗ ಕೈಗಿಡುತ್ತ ಮಾರಿದ ಹೆಂಗಸು ತಾನಾಗಿಯೇ ಹೇಳಿದ್ದಳು, ಕರೆಯುವಾಗ ಎಡಗಾಲು ಝಾಡಿಸುತ್ತದೆ, ಜೋಪಾನ ಎಂದು. ಯಾರು ಕೇಳಿದ್ದರು ಅವಳನ್ನು? ಕೊಡುವ ಕೈಗೆ ಕೊಳ್ಳುವವರ ಮೈಯ ಚಿಂತೆ ಇರಬೇಡವೇ? ಹೆಂಡತಿಯ ಉಬ್ಬಸಕ್ಕೆ ಬೇಕು ಎಂದು ನಾನು ಬಾಯಿಬಿಟ್ಟು ಹೇಳಿದ್ದೆ. ಕೇಳಿಸಿಕೊಂಡೂ ಸುಮ್ಮನಿದ್ದನಲ್ಲ, ಆ ಸುಮ್ಮನಿದ್ದದ್ದನ್ನು ನಾನು ಸುಳ್ಳೆಂದೇ ಕರೆಯುತ್ತೇನೆ, ಯಾವ ಪಂಚಾಯ್ತಿಯಲ್ಲಿ ಬೇಕಾದರೂ.

ಮನೆಗೆ ಬಂದು ನೋಡಿದರೆ ಮಂಜುಳ ನನ್ನ ಹಳೆಯ ಉಣ್ಣೆ ಸ್ವೆಟರನ್ನು ಒಳಮಗ್ಗುಲು ಹೊರಗೆ ಮಾಡಿಕೊಂಡು, ಬಿಚ್ಚಿಟ್ಟಿದ್ದ ಆ ರೇಷ್ಮೆಯನ್ನು ಎದೆಯ ಪಾಲಿಗೆ ಒತ್ತಾಗಿ ಹೊಲಿಯುತ್ತಿದ್ದಳು. ರಾಜೀನಾಮೆಯ ಮಾತು ಎತ್ತಲಿಲ್ಲ. ಬೆಳಿಗ್ಗೆ ಅದನ್ನು ತೊಟ್ಟು, ಮೇಲೆ ಕೋಟು ಹಾಕಿ, ಇಬ್ಬನಿಯೊಳಗೆ ಹೋದಳು.

ಸಂಜೆ ಬಂದವಳನ್ನು ನಿಲ್ಲಿಸಿ ಬೆನ್ನಿಗೆ ಕಿವಿಯಿಟ್ಟೆ. ಗೂಡೆಂದುಕೊಂಡಿರಾ ನನ್ನ ಎಂದು ಅವಳು ನಕ್ಕಳು. ಸಿಳ್ಳೆಯಿರಲಿಲ್ಲ. ಅಂದಿನಿಂದ ಈ ಚಳಿ ಮುಗಿಯುವವರೆಗೂ ಅದು ನನ್ನ ನಿತ್ಯದ ಪರೀಕ್ಷೆ, ಈ ಪರೀಕ್ಷೆಯೊಂದರಲ್ಲಿ ನಮ್ಮ ಮನೆತನದ ಕಿವಿ ತಪ್ಪುವುದಿಲ್ಲ. ದೊಡ್ಡಪ್ಪ ಮಾತ್ರ, ನಾನೇಳ್ನಿಲ್ವಾ ಅಪ್ಪಟ ರೇಷ್ಮೆ ಅಂತ ಎಂದು ಈಗಲೂ ಮೀಸೆ ತಿರುವುತ್ತಾರೆ. ಇರಲಿ. ರೇಷ್ಮೆ ಅವಳ ಎದೆಯ ಮೇಲಿದೆ, ಸಿಪ್ಪೆ ನಮ್ಮ ಗೂಟದಲ್ಲಿದೆ. ಯಳಂದೂರಿನವನು ಎಂದಾದರೂ ಈ ಬಾಗಿಲಿಗೆ ಬಂದರೆ ಅದನ್ನು ತೋರಿಸುತ್ತೇನೆ, ಅವನು ಕೇಳದಿದ್ದರೂ.